ಇಬ್ಬರ ಕೈ ಎತ್ತಿದ ರೆಫ್ರಿ

ಹೋದ ತಿಂಗಳು ಕೂಡ್ಲಿಗಿ ಕಡೆಯ ಹೊಸ ಪಿಟಿ ಮಾಸ್ತರೊಬ್ಬರು ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ಬಾಕ್ಸಿಂಗ್ ತೀರ್ಪುಗಾರರ ಪಟ್ಟಿಯಲ್ಲಿ ಅವರ ಹೆಸರು ಸೇರಿದೆಯಂತೆ. "ಸರ್, ನೀವು ಭಾಳ ವರ್ಷ ಈ ಕೆಲಸ ಮಾಡೀರಿ. ಮೊದ್ಲು ಏನು ಕಲೀಬೇಕು ಹೇಳ್ರಿ" ಅಂದರು. ಉತ್ತರ ಹೇಳುವ ಮೊದಲು ನಾನು ಅವರ ಬ್ಯಾಗಿನ ಕಡೆ ನೋಡಿದೆ. ಇವರು ಏನೋ ಮಾರುವುದಕ್ಕೆ ಬಂದಿರಬೇಕು ಅಂತ ನನ್ನ ಗುಮಾನಿ. ಬ್ಯಾಗಿನಲ್ಲಿ ಒಂದು ಡಜನ್ ಬಾಳೆಹಣ್ಣಿದ್ದವು. ನನಗೇ ತಂದದ್ದು.

ನನ್ನ ಸ್ವಭಾವವೇ ಹಾಗೆ. "ನಿಮಗ ದೇವರ ಪ್ರಸಾದ ಕೊಟ್ರೂ ಮೂಸಿ ನೋಡಿ ಬಾಯಾಗ ಹಾಕ್ಕಂತೀರಿ" ಅನ್ನುತ್ತಾಳೆ ನನ್ನ ಹೆಂಡತಿ. ಸುಳ್ಳಲ್ಲ. ಆದರೆ ಈ ಸ್ವಭಾವದಿಂದಲೇ ನನಗೆ ಬಾಕ್ಸಿಂಗ್ ತೀರ್ಪುಗಾರನಾಗಿ ಒಳ್ಳೆಯ ಹೆಸರು ಬಂತು, ಈ ಸ್ವಭಾವದಿಂದಲೇ ಒಂದು ದೊಡ್ಡ ತಪ್ಪೂ ಆಯಿತು. ಆ ಮಾಸ್ತರಿಗೆ ಅವತ್ತು ಚಹಾ ಕುಡಿಸಿ ನಿಯಮದ ಪುಸ್ತಕ ಓದಿ ಅಂತ ಹೇಳಿ ಕಳಿಸಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಾಕ್ಸಿಂಗಿಗೆ ಬಂದದ್ದು ಬಸ್ಸು ಕೆಟ್ಟು ನಿಂತದ್ದರಿಂದ. ನೌಕರಿಗೆ ಸೇರಿದ ಹೊಸತು. ಯಾರು ಯಾವ ಆಟದ ತೀರ್ಪುಗಾರಿಕೆಯ ತರಬೇತಿಗೆ ಹೋಗಬೇಕು ಅಂತ ಹಂಚುವ ಸಭೆ. ಕೊಟ್ಟೂರಿನಿಂದ ಹೊರಟ ಬಸ್ಸು ದಾರಿಯಲ್ಲಿ ಟೈರು ಒಡೆದು ನಿಂತಿತು. ನಾನು ಹೋಗುವಷ್ಟರಲ್ಲಿ ವಾಲಿಬಾಲ್, ಕಬಡ್ಡಿ, ಖೋಖೋ ಎಲ್ಲವನ್ನೂ ಬೇರೆಯವರು ಬಾಚಿಕೊಂಡಿದ್ದರು. ಉಳಿದದ್ದು ಬಾಕ್ಸಿಂಗ್ ಒಂದೇ. ಹತ್ತು ದಿನದ ತರಬೇತಿ ಮುಗಿಸಿ ಒಂದು ಸೀಟಿ, ಎರಡು ಜೊತೆ ಗ್ಲೌಸು ಹಿಡಿದುಕೊಂಡು ಊರಿಗೆ ಬಂದೆ. ನಮ್ಮಪ್ಪ ಗ್ಲೌಸು ಕೈಯಲ್ಲಿ ಹಿಡಿದು ನೋಡಿ, "ಇದೇನಲೇ, ದಿಂಬಿನಾಗ ಬಡದಾಡ್ತಾರೇನು?" ಅಂತ ನಕ್ಕರು.

ನಮ್ಮಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಗರಡಿ ಮನೆಯ ಉಸ್ತಾದರು. ಸುತ್ತಲಿನ ಹಳ್ಳಿಗಳ ಕುಸ್ತಿ ಕಣಗಳಲ್ಲಿ ಪಂಚರಾಗಿ ನಿಲ್ಲುತ್ತಿದ್ದರು. ಮಣ್ಣಿನ ಕುಸ್ತಿಯಲ್ಲಿ ಅಂಕ ಗಿಂಕ ಇಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೇ. ಎಷ್ಟು ಹೊತ್ತು ಸೆಣಸಿದರೂ ಯಾರೂ ಬೀಳದಿದ್ದರೆ ಪಂಚರು ಇಬ್ಬರ ನಡುವೆ ನಿಂತು ಇಬ್ಬರ ಕೈಯನ್ನೂ ಮೇಲೆತ್ತಿ "ಸಮ!" ಅನ್ನುತ್ತಿದ್ದರು. ಗೆದ್ದವನಿಗೆ ಅಂತ ಇಟ್ಟ ಬೆಳ್ಳಿ ಕಡಗ ಇಬ್ಬರಿಗೂ ಇಲ್ಲ, ತಲೆಗೊಂದು ರುಮಾಲು ಇಬ್ಬರಿಗೂ ಉಂಟು. ಸೋತೆ ಅನ್ನುವ ನೋವಿಲ್ಲದೆ ಇಬ್ಬರೂ ಮನೆಗೆ ಹೋಗುತ್ತಿದ್ದರು. ಚಿಕ್ಕಂದಿನಿಂದ ನಾನು ಕಣದ ಅಂಚಿನಲ್ಲಿ ಕೂತು ನೋಡಿದ ನ್ಯಾಯ ಇದು. ಬೀಳಿಸದೆ ಗೆದ್ದವನನ್ನು ಗೆದ್ದವನು ಅಂತ ಒಪ್ಪುವುದು ನನ್ನ ರಕ್ತದಲ್ಲೇ ಇರಲಿಲ್ಲ.

ಸಂಶಯದ ವಿಷಯಕ್ಕೆ ಬರುತ್ತೇನೆ. ಬಾಕ್ಸಿಂಗಿನಲ್ಲಿ ಸಂಶಯಪಡುವುದಕ್ಕೆ ಬೇಕಾದಷ್ಟಿದೆ. ತೂಕ ನೋಡುವಾಗಲೇ ಶುರು. ಹೆವಿವೇಯ್ಟ್ ಅಂದರೆ ಎಂಬತ್ತೊಂದು ಕಿಲೋ ದಾಟಬೇಕು. ನಮ್ಮ ಕಡೆ ಕಾಲೇಜು ಹುಡುಗರಲ್ಲಿ ಅಷ್ಟು ತೂಗುವವರು ಕಡಿಮೆ. ಸ್ಪರ್ಧಿಗಳು ಕಡಿಮೆ ಅಂದರೆ ಪದಕ ಹತ್ತಿರ. ಹಾಗಾಗಿ ಎಂಬತ್ತು ಕಿಲೋದವರು ಬೆಳಿಗ್ಗೆ ನಳದ ಕೆಳಗೆ ಬಾಯಿಟ್ಟು ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಬರುತ್ತಿದ್ದರು. ಒಬ್ಬ ಮಹಾರಾಯ ಮಂಡಕ್ಕಿ ತಿಂದು ತೂಕ ಏರಿಸಲು ಹೊರಟಿದ್ದ. ಅವನು ಒಂದು ಚೀಲ ಖಾಲಿ ಮಾಡಿದರೂ ಮುಳ್ಳು ಅಲುಗಲಿಲ್ಲ.

ಕೈಗೆ ಸುತ್ತಿಕೊಳ್ಳುವ ಪಟ್ಟಿ ಪರೀಕ್ಷೆ ಮಾಡುವುದೂ ನನ್ನ ಕೆಲಸವಾಗಿತ್ತು. ಪಟ್ಟಿಯೊಳಗೆ ಗಟ್ಟಿ ಪದಾರ್ಥ ಸೇರಿಸಿದರೆ ಎದುರಿನವನ ದವಡೆ ಮುರಿಯುತ್ತದೆ. ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಬಡಕಲು ಹುಡುಗನ ಪಟ್ಟಿ ಮುಟ್ಟಿ ನೋಡಿದರೆ ಹಲಗೆಯ ಹಾಗೆ ಗಟ್ಟಿ. ಸಿಕ್ಕ ಕಳ್ಳ ಅಂದುಕೊಂಡೆ. ಎಲ್ಲರ ಎದುರಿಗೆ ಕತ್ತರಿ ತರಿಸಿ ಪಟ್ಟಿಯನ್ನು ತುಂಡುತುಂಡು ಮಾಡಿದೆ. ಒಳಗೆ ಏನೂ ಇಲ್ಲ. ಹುಡುಗ ಅಳುತ್ತಾ, "ನಮ್ಮವ್ವ ಗಂಜಿ ಹಾಕ್ಯಾಳ್ರಿ ಸರ್. ದೊಡ್ಡ ಊರಿಗೆ ಹೊಂಟೀಯ, ಪಟ್ಟಿ ಮುದುಡಿದ್ರ ಚೊಲೋ ಕಾಣಂಗಿಲ್ಲ ಅಂತ" ಅಂದ. ಯೂನಿಫಾರಂ ಜೊತೆಗೆ ಪಟ್ಟಿಯನ್ನೂ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿದ್ದಳು ಆ ತಾಯಿ. ಆವತ್ತು ನನ್ನ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಬುದ್ಧಿ ಬಂತೇ ಅಂದರೆ, ಬರಲಿಲ್ಲ. ಇನ್ನೊಬ್ಬ ಗಂಜಿಯ ಹೆಸರಿನಲ್ಲಿ ಸಿಮೆಂಟು ತಂದರೆ ಏನು ಗತಿ ಅಂತ ರಾತ್ರಿಯೆಲ್ಲ ಯೋಚಿಸಿದೆ.

ನಮ್ಮ ಮುಖ್ಯ ತೀರ್ಪುಗಾರರು ಸಿದ್ಧಲಿಂಗಪ್ಪನವರು. ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. "ಚನ್ನಬಸಪ್ಪ, ಕಣ್ಣಿಗೆ ಕಂಡದ್ದಕ್ಕ ಅಂಕ ಹಾಕು. ತಲ್ಯಾಗ ಹೊಳದದ್ದಕ್ಕ ಹಾಕಬ್ಯಾಡ" ಅಂತ ನನಗೆ ಎಷ್ಟು ಸಲ ಹೇಳಿದರೋ. ಅವರ ಕಾಲದಲ್ಲೇ ಅಂಕದ ಪದ್ಧತಿ ಎರಡು ಮೂರು ಸಲ ಬದಲಾಯಿತು. ದೊಡ್ಡ ಊರಿನ ಸ್ಪರ್ಧೆಗಳಲ್ಲಿ ಬಟನ್ ಒತ್ತುವ ಯಂತ್ರ ಬಂತು. ಒಂದು ಏಟು ಬಿದ್ದ ಕೂಡಲೇ ಐವರಲ್ಲಿ ಮೂವರು ತೀರ್ಪುಗಾರರು ಒಂದೇ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಅಂಕ. ಪಕ್ಕದವರು ಆಟ ನೋಡುತ್ತಿದ್ದಾರೋ ನನ್ನ ಹೆಬ್ಬೆರಳು ನೋಡುತ್ತಿದ್ದಾರೋ ಅಂತ ನಾನು ಅವರನ್ನೇ ನೋಡುತ್ತಿದ್ದೆ. ಹೀಗೆ ನೋಡುತ್ತಾ ನಾನೇ ಎಷ್ಟು ಏಟು ನೋಡದೆ ಬಿಟ್ಟೆನೋ ಲೆಕ್ಕವಿಲ್ಲ. ಆಮೇಲೆ ಯಂತ್ರ ಹೋಗಿ, ಸುತ್ತು ಗೆದ್ದವನಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂತು. ನಮ್ಮ ತಾಲ್ಲೂಕುಗಳಲ್ಲಿ ಮಾತ್ರ ಯಾವ ಕಾಲಕ್ಕೂ ಚೀಟಿಯೇ. ಮೂವರು ತೀರ್ಪುಗಾರರು ಬರೆದ ಚೀಟಿಗಳನ್ನು ರೆಫ್ರಿ ಒಟ್ಟು ಮಾಡಿ ಮುಖ್ಯ ತೀರ್ಪುಗಾರರಿಗೆ ಒಯ್ದು ಕೊಡಬೇಕು. ಆಮೇಲೆ ರಿಂಗಿನ ನಡುವೆ ಇಬ್ಬರು ಸ್ಪರ್ಧಿಗಳ ಮಣಿಕಟ್ಟು ಹಿಡಿದುಕೊಂಡು ನಿಲ್ಲಬೇಕು. ಮೈಕಿನಲ್ಲಿ ಹೆಸರು ಕೂಗಿದಾಗ ಗೆದ್ದವನ ಕೈ ಮೇಲೆತ್ತಬೇಕು.

ಈಗ ಹರಪನಹಳ್ಳಿಯ ಮಾತು. ಕಾಲೇಜುಗಳ ನಡುವಿನ ಸ್ಪರ್ಧೆ, ಹೆವಿವೇಯ್ಟ್ ಫೈನಲ್, ರೆಫ್ರಿ ನಾನು. ಗೆದ್ದವನು ರಾಜ್ಯಮಟ್ಟದ ಸ್ಪರ್ಧೆಗೆ ಹೋಗುತ್ತಾನೆ, ಅಲ್ಲಿ ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ನೌಕರಿಯ ದಾರಿ ತೆರೆಯುತ್ತದೆ. ಕೆಂಪು ಮೂಲೆಯಲ್ಲಿ ಹರಪನಹಳ್ಳಿಯದೇ ಹುಡುಗ ಕೊಟ್ರೇಶ. ಗರಡಿಯಲ್ಲಿ ಸಾಮು ಮಾಡಿದ ಮೈ. ನೀಲಿ ಮೂಲೆಯಲ್ಲಿ ಹಡಗಲಿ ಕಾಲೇಜಿನ ಹಾಲೇಶ, ಹೊಳೆ ದಂಡೆಯ ಮಾಗಳದವನು. ಮನೆಯಲ್ಲಿ ಕುರಿ ಸಾಕುತ್ತಿದ್ದರು. ಕೊಟ್ರೇಶನಿಗಿಂತ ಒಂದು ಗೇಣು ಎತ್ತರ, ಉದ್ದ ತೋಳು.

ಆ ಬೆಳಿಗ್ಗೆ ಇವರಿಬ್ಬರೂ ಒಂದೇ ಪೇಪರಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ನಗುತ್ತಿದ್ದದ್ದನ್ನು ನಾನು ನೋಡಿದ್ದೆ. ಮಧ್ಯಾಹ್ನ ಹೊಡೆದಾಡಬೇಕಾದವರು ಬೆಳಿಗ್ಗೆ ಯಾಕೆ ನಗುತ್ತಾರೆ? ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಯೇ ಅಂತ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಆಟ ಶುರುವಾಯಿತು. ಹಾಲೇಶ ಎಡಗೈ ಚಾಚಿ ಒಂದು ಏಟು ಮುಟ್ಟಿಸುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು. ಮತ್ತೆ ಒಂದು ಏಟು, ಮತ್ತೆ ಎರಡು ಹೆಜ್ಜೆ. ಕೊಟ್ರೇಶ ಗೂಳಿಯ ಹಾಗೆ ನುಗ್ಗುತ್ತಾನೆ, ಬೀಸಿದ ಕೈ ಗಾಳಿಗೆ ಹೋಗುತ್ತದೆ. ಸುತ್ತ ನೆರೆದವರೆಲ್ಲ ಕುಸ್ತಿ ನೋಡಿ ಬೆಳೆದ ಜನ. ಅವರಿಗೆ ತಾಳ್ಮೆ ಕೆಟ್ಟಿತು. "ಏ ಮಾಗಳದವ್ನೇ, ಹಿಂಗೇ ಹಿಂದಕ್ಕೆ ಹೋಗಿ ಹೊಳೆ ದಾಟ್ತೀಯೇನಲೇ?" ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನನಗೂ ಒಳಗೊಳಗೇ ನಗು ಬಂತು.

ನಗುವಿನ ಹಿಂದೆಯೇ ಸಂಶಯ. ಇಷ್ಟು ದೊಡ್ಡ ಮೈಯವನು ಯಾಕೆ ಹೀಗೆ ಆಡುತ್ತಾನೆ? ಎರಡು ಸಲ ಆಟ ನಿಲ್ಲಿಸಿ ಅವನ ಗ್ಲೌಸು ಹಿಸುಕಿ ನೋಡಿದೆ. ಏನೂ ಸಿಗಲಿಲ್ಲ. ಮುಂದೆ ಹೋಗಿ ಆಡು ಅಂತ ಒಂದು ಎಚ್ಚರಿಕೆಯನ್ನೂ ಕೊಟ್ಟೆ. "ಆತ್ರಿ ಸರ್" ಅಂದು ಮತ್ತೆ ಒಂದು ಏಟು ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಮೂರು ಸುತ್ತು ಮುಗಿದವು. ಚೀಟಿ ಒಟ್ಟು ಮಾಡಿದೆ. ಮೂರಕ್ಕೆ ಮೂರೂ ಹಾಲೇಶನ ಕಡೆ. ಅವನ್ನು ಸಿದ್ಧಲಿಂಗಪ್ಪನವರ ಕೈಗೆ ಕೊಟ್ಟು ರಿಂಗಿಗೆ ಬಂದು ಇಬ್ಬರ ಮಣಿಕಟ್ಟು ಹಿಡಿದು ನಿಂತೆ. ಜನ ಗಲಾಟೆ ಮಾಡುತ್ತಿದ್ದರು. ಮೈಕಿನವನು ಹೆಸರು ಕೂಗುವುದಕ್ಕೆ ಇನ್ನೂ ಬಾಯಿ ತೆರೆದಿರಲಿಲ್ಲ. ಯಾರೂ ಬಿದ್ದಿಲ್ಲ, ಇಬ್ಬರೂ ನಿಂತಿದ್ದಾರೆ, ನಡುವೆ ನಾನು. ನನ್ನ ಎರಡೂ ಕೈ ತಾವಾಗಿ ಮೇಲೆ ಹೋದವು. ಇಬ್ಬರ ಕೈಯನ್ನೂ ಎತ್ತಿಬಿಟ್ಟೆ, ಥೇಟ್ ನಮ್ಮಪ್ಪ ಎತ್ತಿದ ಹಾಗೆ.

ಬಾಕ್ಸಿಂಗಿನಲ್ಲಿ ಇಂಥ ತಪ್ಪನ್ನು ಬೇರೆ ಯಾವ ಊರಿನ ರೆಫ್ರಿಯೂ ಮಾಡಿರಲಿಕ್ಕಿಲ್ಲ. ಜನರಿಗೆ ಮಾತ್ರ ಅದು ಸರಿಯಾಗಿ ಅರ್ಥವಾಯಿತು. "ಸಮ! ಸಮ!" ಅಂತ ಕೂಗು ಎದ್ದಿತು. ಟವೆಲ್ಲುಗಳು ಗಾಳಿಯಲ್ಲಿ ಹಾರಿದವು. ನಾಲ್ಕು ಜನ ರಿಂಗಿಗೆ ಹತ್ತಿ ಇಬ್ಬರನ್ನೂ ಹೆಗಲ ಮೇಲೆ ಹೊತ್ತರು. ಮೈಕಿನವನು ಬಾಯಿ ಮುಚ್ಚಿಕೊಂಡು ಕೂತ.

ಸಿದ್ಧಲಿಂಗಪ್ಪನವರು ನನ್ನನ್ನು ಕಾಲೇಜಿನ ಒಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಿಳಿ ಹಾಳೆ ಮುಂದಿಟ್ಟರು. "ಒಂದೇ ಸಾಲು ಬರಿ. ಅಭ್ಯಾಸಬಲದಿಂದ ತಪ್ಪಾಗಿ ಇಬ್ಬರ ಕೈ ಎತ್ತಿದೆ ಅಂತ. ಹೊರಗ ಹೋಗಿ ನಾನು ಫಲಿತಾಂಶ ಹೇಳ್ತೀನಿ."

ಬರೆದರೆ ನನ್ನ ರೆಫ್ರಿ ಬಿಲ್ಲೆ ಹೋಗುತ್ತದೆ. ಐದು ತಾಲ್ಲೂಕಿನ ಮಾಸ್ತರರು ಹಿಂದೆ ನಿಂತು ನಗುತ್ತಾರೆ. ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಆ ಹುಡುಗ ಗೆದ್ದದ್ದು ನನಗೆ ಮನಸ್ಸಿನಲ್ಲಿ ಒಪ್ಪಿಗೆಯೇ ಆಗಿರಲಿಲ್ಲ. ನಾನು ಬರೆದೆ: "ನೀಲಿ ಮೂಲೆಯ ಸ್ಪರ್ಧಿಯ ಆಟ ಸಂಶಯಾಸ್ಪದವಾಗಿತ್ತು. ನಿಜವಾದ ಹೋರಾಟ ನಡೆಯಲಿಲ್ಲ. ಮರುಸ್ಪರ್ಧೆ ಸೂಕ್ತ."

ಅವರು ಓದಿದರು. "ಏನು ಕಂಡಿ?"

"ಕಂಡಿಲ್ರಿ. ವಾಸನಿ ಐತ್ರಿ."

"ಮೂರು ಚೀಟಿ ಅವನ ಕಡೆ ಅದಾವಲ್ಲೋ."

"ಚೀಟಿ ಬರೆದವರೂ ಮನುಷ್ಯರೇ ಅಲ್ಲೇನ್ರಿ."

ಹೊರಗೆ ಜನ ಸಮ, ಸಮ ಅಂತ ಕೂಗುತ್ತಾ ಬಾಗಿಲು ಬಡಿಯುತ್ತಿದ್ದರು. ಸಿದ್ಧಲಿಂಗಪ್ಪನವರು ಚೀಟಿಗಳನ್ನು ಲಕೋಟೆಗೆ ಹಾಕಿ ಅಂಟಿಸಿದರು. ಹಡಗಲಿ ಕಾಲೇಜಿನ ಮಾಸ್ತರು ಬಂದು ಚೀಟಿಯಲ್ಲಿ ಏನಿತ್ತು ಅಂತ ಕೇಳಿದಾಗ, "ಮರುಸ್ಪರ್ಧೆ ಅಂದಮ್ಯಾಲೆ ಚೀಟಿ ಲೆಕ್ಕಕ್ಕಿಲ್ಲ" ಅಂದುಬಿಟ್ಟರು. ಚೀಟಿ ಬರೆದ ಮೂವರೂ ತಮ್ಮ ತಮ್ಮ ಚೀಟಿ ಮಾತ್ರ ಬಲ್ಲವರು. ಸಂಜೆ ಬಸ್ಸಿಗೆ ಅವರು ಊರಿಗೆ ಹೋದರು, ಬೆಳಿಗ್ಗೆಗೆ ಬೇರೆ ಮೂವರು ಬಂದರು. ಸಿದ್ಧಲಿಂಗಪ್ಪನವರು ನನ್ನ ಮಾತಿಗೆ ಒಪ್ಪಿದರೋ ಹೊರಗಿನ ಜನಕ್ಕೆ ಅಂಜಿದರೋ, ಅದನ್ನು ಕೇಳುವ ಧೈರ್ಯ ಅವರು ತೀರಿಕೊಳ್ಳುವ ತನಕ ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಳದ ಹತ್ತಿರ ಹಾಲೇಶ ಮುಖ ತೊಳೆಯುತ್ತಿದ್ದ. ನಾನು ಹೋಗಿ ಕೇಳಿದೆ: "ಖರೆ ಹೇಳು. ಹಿಂದಕ್ಕ ಸರದು ಆಡು ಅಂತ ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ ಸರ್."

"ಕೊಟ್ರೇಶನ ಕೂಡ ಏನು ಮಾತಾಡಿದಿ?"

"ಅವರಕ್ಕನ್ನ ನಮ್ಮೂರಿಗೆ ಕೊಟ್ಟಾರ್ರಿ. ಆಕಿ ಹೆಂಗದಾಳ ಅಂತ ಕೇಳಿದ್ನ್ರಿ."

ಅಕ್ಕನ ಯೋಗಕ್ಷೇಮ ಕೇಳುವುದಕ್ಕೆ ಅಷ್ಟು ನಗಬೇಕೇ ಅಂತ ನನಗೆ ಅನ್ನಿಸಿತು. "ಹಂಗಾದ್ರ ಇವತ್ತು ಗಂಡಸಾಗಿ ಆಡು. ನಿನ್ನ ಮ್ಯಾಲಿನ ಸಂಶಯ ಹೋಗ್ಲಿ" ಅಂದೆ. ಅವನು ಮುಖದ ನೀರು ಒರೆಸಿಕೊಳ್ಳದೆ ನನ್ನನ್ನೇ ನೋಡಿದ. "ಆತ್ರಿ ಸರ್" ಅಂದ.

ಅವತ್ತು ನನ್ನನ್ನು ರಿಂಗಿಗೆ ಬಿಡಲಿಲ್ಲ. ಕೆಳಗೆ ಕುರ್ಚಿಯಲ್ಲಿ ಕೂತು ನೋಡಿದೆ. ಹಾಲೇಶ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎದುರಿಗೆ ಎದುರು ನಿಂತು ಹೊಡೆದ, ಹೊಡೆಸಿಕೊಂಡ. ಜನ ಹುಚ್ಚೆದ್ದು ಸೀಟಿ ಹೊಡೆದರು. ಎರಡನೇ ಸುತ್ತಿನಲ್ಲಿ ಕೊಟ್ರೇಶನ ಬಲಗೈ ಅವನ ಮೂಗಿಗೆ ಬಿತ್ತು. ಬಿದ್ದ, ಎಂಟು ಎಣಿಸುವುದರೊಳಗೆ ಎದ್ದ, ಮತ್ತೆ ಅದೇ ಕೈಗೆ ಮುಖ ಕೊಟ್ಟ. ಎರಡನೇ ಸಲ ಬಿದ್ದಾಗ ರೆಫ್ರಿ ಆಟ ನಿಲ್ಲಿಸಿದರು. ಅವನ ಬನಿಯನ್ನಿನ ತುಂಬ ರಕ್ತ. "ಭಲೇ ಮಾಗಳದ ಹುಲಿ!" ಅಂತ ಹಿಂದಿನ ದಿನ ಹಂಗಿಸಿದವರೇ ಕೂಗಿದರು.

ಗಲಾಟೆ ಇಳಿದ ಮೇಲೆ ಕೊಟ್ರೇಶ ನನ್ನ ಹತ್ತಿರ ಬಂದ. ಕೊರಳಲ್ಲಿ ಪದಕ ಇತ್ತು, ಮುಖದಲ್ಲಿ ಗೆಲುವಿರಲಿಲ್ಲ. "ಸರ್, ನಿನ್ನೆ ಅವ್ನೇ ಗೆದ್ದಿದ್ದ. ಮೂರು ಸುತ್ತು ಬಡಿದ್ರೂ ನಂಗೆ ಅವನ ಮೈ ಸಿಗ್ಲಿಲ್ಲ. ಇವತ್ತು ಅವ್ನೇ ತಂದು ಕೊಟ್ಟ" ಅಂದ. ಆಗಲೂ ನಾನು, ಇಬ್ಬರೂ ಕೂಡಿಯೇ ಆಡುತ್ತಿದ್ದಾರೆ, ಎಂಥ ಜೋಡಿ ನೋಡು ಇವರದು ಅಂದುಕೊಂಡೆನೇ ಹೊರತು ಕೊಟ್ರೇಶ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಬಿದ್ದದ್ದು ವರ್ಷಗಳ ಮೇಲೆ. ಎಷ್ಟೋ ಹುಡುಗರ ಆಟ ನೋಡಿ ನೋಡಿ ನನಗೆ ಒಂದು ಮಾತು ಖಾತ್ರಿಯಾಯಿತು. ನುಗ್ಗಿ ಹೊಡೆಯುವವನಲ್ಲಿ ನಮಗೆ ಕಾಣುವ ಧೈರ್ಯ ಎಷ್ಟೋ ಸಲ ಬರೀ ಸಿಟ್ಟು. ಹೊಡೆಯಬೇಕು, ಹೊಡೆಸಿಕೊಳ್ಳಬಾರದು ಅಂತ ನಾನೇ ಶಾಲೆಯಲ್ಲಿ ಕಲಿಸುತ್ತಿದ್ದೆ. ಅದನ್ನು ಒಬ್ಬ ಹುಡುಗ ಮೂರು ಸುತ್ತು ಚಾಚೂ ತಪ್ಪದೆ ಮಾಡಿ ತೋರಿಸಿದಾಗ ಇವನಲ್ಲೇನೋ ಮೋಸ ಇದೆ ಅಂದೆ. ಜೋಪಾನವಾಗಿ ಆಡಿ ಅಂಕದ ಮೇಲೆ ಗೆದ್ದವನು ಚಾಂಪಿಯನ್ನೇ ಹೌದೋ ಅಂತ ಹೊಸ ಮಾಸ್ತರರು ಈಗಲೂ ಕೇಳುತ್ತಾರೆ. ಹೌದು ಅನ್ನುತ್ತೇನೆ. ಜನ ಬೇಸರಪಟ್ಟರೆ ಅದು ಜನರ ಪಾಡು. ನನ್ನಂಥ ಹಳಬರಿಗೆ ಅದು ಬೇಗ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಹೌದು.

ನಿವೃತ್ತನಾದ ಮೇಲೆ ಒಂದು ದಿನ ಬೆಳಿಗ್ಗೆ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಗೂಡ್ಸ್ ಆಟೋದಿಂದ ಮಲ್ಲಿಗೆ ಹೂವಿನ ಬುಟ್ಟಿಗಳನ್ನು ಇಳಿಸಿ ಬಸ್ಸಿಗೆ ಏರಿಸುತ್ತಿದ್ದ ದೊಡ್ಡ ಆಳೊಬ್ಬ ನನ್ನ ಮುಂದೆ ಬಂದು ನಿಂತ. ಮೂಗು ಸ್ವಲ್ಪ ಸೊಟ್ಟ. "ಚನ್ನಬಸಪ್ಪ ಮಾಸ್ತರ್ರಲ್ಲೇನ್ರಿ? ನಾನು ಮಾಗಳದ ಹಾಲೇಶ. ಬರ್ರಿ ಸರ್, ಚಾ ಕುಡಿಯೂಣು" ಅಂದ. ಇವನಿಗೆ ನನ್ನ ಮೇಲೆ ಸಿಟ್ಟಿರಬೇಕಲ್ಲ, ಚಹಾ ಯಾಕೆ ಕುಡಿಸುತ್ತಾನೆ ಅಂತ ಆಗಲೂ ನನಗೆ ಅನುಮಾನವೇ.

ಚಹಾ ಕುಡಿಯುತ್ತಾ ಕೇಳಿಯೇಬಿಟ್ಟೆ. "ಹಾಲೇಶ, ಇನ್ನೇನು ಮುಚ್ಚುಮರಿ. ಅವತ್ತು ಮೊದಲ್ನೇ ದಿನ ಯಾಕ ಹಂಗ ಆಡಿದಿ?"

"ಅಂಜಿಕಿ ರೀ ಸರ್."

"ಯಾರ ಅಂಜಿಕಿ?"

"ಏಟಿನ ಅಂಜಿಕಿ. ಮೈ ದೊಡ್ಡದೈತಿ ಅಂತ ಎಲ್ಲಾರೂ ನೂಕಿದ್ರು, ರಿಂಗಿಗೆ ಬಂದೆ. ಒಳಗ ನಡುಗಾಕತ್ತಿದ್ದೆ. ಏಟು ಬೀಳಬಾರ್ದು ಅಂತ ಅವನ ಕೈ ಮ್ಯಾಲೆ ಕಣ್ಣಿಟ್ಟು ಮೂರು ಸುತ್ತು ಆಡಿದೆ." ನಕ್ಕ. "ಎರಡ್ನೇ ದಿನ ನೀವು ಗಂಡಸಾಗಿ ಆಡು ಅಂದ್ರಿ. ಅಂಜಿಕಿ ಬಿಟ್ಟು ಆಡಿದೆ, ಮೂಗು ಹೋತು. ಇರ್ಲಿ ಬಿಡ್ರಿ, ಮೊದಲ್ನೇ ದಿನ ಸಮ ಆತಲ್ಲ, ನನಗ ಅಷ್ಟಾ ಸಾಕು."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಇಷ್ಟು ವರ್ಷ ಇವನು ಸಮ ಆಯಿತು ಅಂತಲೇ ತಿಳಿದಿದ್ದಾನೆ. ಚೀಟಿಯ ಮಾತು ಇವನಿಗೆ ಯಾರೂ ಹೇಳಿಲ್ಲ. ಗೊತ್ತಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಉಳಿದವನು ನಾನು.

"ಸಮ ಅಲ್ಲಪಾ" ಅಂದೆ. "ನೀನು ಗೆದ್ದಿದ್ದಿ. ಮೂರೂ ಚೀಟಿ ನಿನ್ನ ಕಡೆ ಇದ್ದವು. ನಾನು ತಪ್ಪಿ ಇಬ್ಬರ ಕೈ ಎತ್ತಿದೆ. ಆಮ್ಯಾಲೆ ತಪ್ಪು ಒಪ್ಪಿಕೊಳ್ಳದೆ ನಿನ್ನ ಮ್ಯಾಲೆ ಸಂಶಯ ಬರೆದೆ."

"ಮೂರೂ ರಿ?"

"ಮೂರೂ."

ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಜೇಬಿನಿಂದ ಫೋನ್ ತೆಗೆದು ನಂಬರು ಒತ್ತಿದ. "ನಮ್ಮವ್ವಗ ನೀವಾ ಹೇಳ್ರಿ ಸರ್. ನಾ ಹೇಳಿದ್ರ ನಂಬಂಗಿಲ್ಲ" ಅಂತ ನನ್ನ ಕೈಗೆ ಕೊಟ್ಟ.

ನಾನು ಯಾರು ಅಂತ ಹೇಳಿಕೊಂಡೆ. ಹರಪನಹಳ್ಳಿಯ ಆ ದಿನದ ಸಂಗತಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ, ನಿಮ್ಮ ಮಗ ಚಾಂಪಿಯನ್ ಆಗಿದ್ದ ಅಂತ ಹೇಳಿದೆ, ತಪ್ಪು ನನ್ನದು ಅಂತಲೂ ಹೇಳಿದೆ. ಆ ಕಡೆಯಿಂದ ಮುದುಕಿಯ ದನಿ ಬಂತು.

"ಇಷ್ಟು ವರ್ಷ ಬಿಟ್ಟು ಈಗ್ಯಾಕ ಹೇಳಾಕತ್ತೀರಿ, ಮಾಸ್ತರ್ರೆ? ನನ ಮಗನ ಕಡಿಯಿಂದ ನಿಮಗ ಏನಾಗಬೇಕಾಗೈತಿ?"

"ಏನೂ ಇಲ್ಲವ್ವ" ಅಂದೆ.

ಆಕೆ ನಂಬಲಿಲ್ಲ. "ಫೋನ್ ಅವನ ಕೈಯಾಗ ಕೊಡ್ರಿ" ಅಂದಳು.